ಉಮ್ ಕಿನಾನ್ ಎಂಬವರೇ ಇಲ್ಲವಂತೆ

ಆನ್‌ಲೈನ್ ಪ್ರಮಾಣಪತ್ರಗಳಿಗೆ ಮಾನ್ಯತೆ ನೀಡುವ ವಿಭಾಗದ ಮಾನ್ಯ ನಿರ್ದೇಶಕರೇ,

ನಾನು ಓದಿ ಪಾಸಾದ ಕೋರ್ಸನ್ನು ನಾನು ಓದಿಯೇ ಇಲ್ಲ ಎಂದು ನಿಮ್ಮ ಕಚೇರಿ ಕಂಡುಹಿಡಿದಿದೆ. ಈ ಮಹಾ ಸಂಶೋಧನೆಗೆ ಮೊದಲು ನನ್ನ ಅಭಿನಂದನೆ.

ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳು ಇನ್ನು ಪುಕ್ಕಟೆಯಾಗಿ ನಿಮ್ಮ ಅಡುಗೆಮನೆಗೇ ಬರುತ್ತವೆ ಎಂದು ಟಿವಿಯಲ್ಲಿ ಹೇಳಿದವರು ತಾವೇ. ನಂಬಿದೆ. ಮಾತು ತಡವಾಗಿ ಬರುವ ಮಕ್ಕಳಿಗೆ ಕಲಿಸುವ ಕೋರ್ಸಿಗೆ ಸೇರಿದೆ. ಲಕ್ಷಾಂತರ ಜನರ ತರಗತಿ ಅದು. ಸಂದೇಹ ಕೇಳಿದರೆ ‘ನಿಮ್ಮ ಪ್ರಶ್ನೆ ನಮಗೆ ಅಮೂಲ್ಯ’ ಎಂದು ಯಂತ್ರ ಹೇಳುತ್ತಿತ್ತು, ಉತ್ತರ ಮಾತ್ರ ಬರುತ್ತಿರಲಿಲ್ಲ. ಪರೀಕ್ಷೆಯ ನಡುವೆ ಬೀದಿಯಲ್ಲಿ ಗ್ಯಾಸ್ ಗಾಡಿ ಹಾಡು ಹಾಕಿಕೊಂಡು ಬಂದರೆ ‘ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ’ ಎಂದು ಅದೇ ಯಂತ್ರ ಗದರುತ್ತಿತ್ತು. ಜೊತೆಗೆ ಸೇರಿದ್ದ ನಮ್ಮ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಕೈಬಿಟ್ಟರು. ನಾನು ಹಟ ಹಿಡಿದು ಮುಗಿಸಿದೆ. ಆದರೂ ಹೇಳುತ್ತೇನೆ, ಪಾಠಗಳು ಬಂಗಾರದಂಥವು. ತುಟಿಯೇ ಬಿಚ್ಚದಿದ್ದ ಪಕ್ಕದ ಮನೆಯ ಮಗು ಲಮಾರ್ ಈಗ ಬಾಯಿ ಬಿಟ್ಟು ನೀರು ಕೇಳುತ್ತದೆ. ಅದನ್ನು ಕಣ್ಣಾರೆ ಕಂಡ ಶಿಶುವಿಹಾರದ ಹೆಡ್‌ಮಿಸ್ ವಿಜ್ದಾನ್, "ನಮ್ಮಲ್ಲಿ ಟೀಚರ್ ಕೆಲಸ ನಿಂದೇ ಕಣೇ. ಶಾಲೆ ಶುರುವಾಗೋದ್ರೊಳಗೆ ಸರ್ಟಿಫಿಕೇಟಿಗೆ ಇಲಾಖೆ ಮೊಹರು ಹಾಕಿಸ್ಕೊಂಡು ಬಾ. ಇಲ್ಲಾಂದ್ರೆ ಬೇರೆಯವರನ್ನ ತಗೋಬೇಕಾಗತ್ತೆ" ಎಂದರು.

ನನ್ನ ತಪ್ಪೇನು ಗೊತ್ತೇ? ಸೇರುವಾಗ ‘ನಿಮ್ಮನ್ನು ಏನೆಂದು ಕರೆಯಬೇಕು?’ ಎಂದು ಪರದೆ ಕೇಳಿತು. ಹಿರಿಮಗ ಕಿನಾನ್ ಹುಟ್ಟಿದಂದಿನಿಂದ ನಮ್ಮೂರು ಜರ್ಕಾದಲ್ಲಿ ನನ್ನನ್ನು ಯಾರೂ ರುದೈನಾ ಎಂದು ಕರೆದಿಲ್ಲ. ನಾನು ಕಿನಾನನ ತಾಯಿ, ಉಮ್ ಕಿನಾನ್. ಗಂಡನಿಗೂ ಅತ್ತೆಗೂ ತರಕಾರಿಯವನಿಗೂ ಅದೇ ಹೆಸರು, ಮರ್ಯಾದೆಯ ಹೆಸರು. ಕೇಳಿದ್ದಕ್ಕೆ ನಿಜ ಹೇಳಿದೆ. ಪ್ರಮಾಣಪತ್ರವೂ ಅದೇ ಹೆಸರಿಗೆ ಬಂತು.

ನಿಮ್ಮ ಗುಮಾಸ್ತರು ಅದನ್ನು ಬೆರಳ ತುದಿಯಲ್ಲಿ ಹಿಡಿದು, "ಅಕ್ಕಾ, ಸರ್ಕಾರದ ಲೆಕ್ಕದಲ್ಲಿ ಉಮ್ ಕಿನಾನ್ ಅನ್ನೋರೇ ಇಲ್ಲ" ಎಂದರು.

"ನಾನೇ ಇದ್ದೀನಲ್ಲಪ್ಪಾ, ನಿನ್ನ ಕಣ್ಣೆದುರಿಗೇ!"

"ನೀವು ರುದೈನಾ. ರುದೈನಾ ಅನ್ನೋರು ಕೋರ್ಸ್ ಮಾಡಿಲ್ಲ."

ಅಷ್ಟರಲ್ಲಿ ಚಹಾ ತಂದವರು, "ಅಬೂ ರಕಾನ್, ಸಕ್ಕರೆ ಹಾಕ್ಲಾ?" ಎಂದು ಕೂಗಿದರು. ಗುಮಾಸ್ತರು ಥಟ್ಟನೆ ತಿರುಗಿ, "ಜಾಸ್ತಿನೇ ಹಾಕು" ಎಂದರು. ರಕಾನನ ತಂದೆಗೆ ಚಹಾ ಸಿಗುತ್ತದೆ, ಕಿನಾನನ ತಾಯಿಗೆ ಮೊಹರು ಸಿಗುವುದಿಲ್ಲ. ಇದು ಯಾವ ಸೀಮೆಯ ನ್ಯಾಯ?

"ಸರಿಯಾದ ಹೆಸರಲ್ಲಿ ಇನ್ನೊಂದ್ಸಲ ಮಾಡ್ಬಿಡಿ ಅಕ್ಕಾ, ಹೇಗೂ ಪುಕ್ಕಟೆ ತಾನೇ?" ಎಂಬ ಉಪದೇಶ ಬೇರೆ. ಪುಕ್ಕಟೆಯಂತೆ! ನಾನು ಕಳೆದುಕೊಂಡ ನಿದ್ದೆ, ಕೆಡಿಸಿಕೊಂಡ ಕಣ್ಣು ಯಾರ ಲೆಕ್ಕಕ್ಕೆ? ಆದರೂ ರುದೈನಾ ಎಂದು ಹೆಸರು ಕೊಟ್ಟು ಮತ್ತೆ ಪರೀಕ್ಷೆಗೆ ಕೂತೆ. ಕ್ಯಾಮೆರಾ ನನ್ನ ಮುಖ ನೋಡಿದ್ದೇ ತಡ, ಪರೀಕ್ಷೆ ನಿಂತಿತು. ‘ಈ ಕೋರ್ಸನ್ನು ಉಮ್ ಕಿನಾನ್ ಈಗಾಗಲೇ ಮುಗಿಸಿದ್ದಾರೆ. ನೀವು ಅವರೇ. ರುದೈನಾ ಎಂಬ ಹೆಸರಿನಲ್ಲಿ ಪರೀಕ್ಷೆ ಬರೆಯುವುದು ವಂಚನೆ’ ಎಂದು ಯಂತ್ರ ಬರೆದು ಕಳಿಸಿತು.

ಮಾನ್ಯರೇ, ಸಮುದ್ರದಾಚೆಯ ಯಂತ್ರಕ್ಕೆ ನಾನು ಯಾರೆಂದು ಗೊತ್ತು, ನನ್ನದೇ ಊರಿನ ನಿಮಗೆ ಗೊತ್ತಿಲ್ಲ. ಆ ಆರೋಪವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಇಬ್ಬರೂ ಒಬ್ಬಳೇ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಶಾಲೆ ತೆರೆಯುವ ಮುನ್ನ ಮೊಹರು ಹಾಕಿ ಕೊಡಿ.

ಇಂತಿ,
ತನ್ನ ಪರೀಕ್ಷೆಯನ್ನು ತಾನೇ ಬರೆದು ಸಿಕ್ಕಿಬಿದ್ದವಳು,
ರುದೈನಾ, ಜರ್ಕಾ