ಕಾಲನ್ನು ಮಾತ್ರ ಇದ್ದಂತೆ ಬರೆದೆ

ಚಂದ್ರಕಾಂತಾ ಮೇಡಂ ಅವರಿಗೆ ವಿಮಲೇಶಳ ನಮಸ್ಕಾರ.

ಇವತ್ತು ಮಧ್ಯಾಹ್ನ ಎರಡಕ್ಕೆ ಅತ್ತೆ ಚೀರಿದ್ದು ಕೇಳಿ ಎಚ್ಚರವಾಯಿತು. ರಾತ್ರಿಯೆಲ್ಲ ಮಗು ಮಲಗಗೊಟ್ಟಿರಲಿಲ್ಲ, ಆಗಷ್ಟೇ ಕಣ್ಣು ಹತ್ತಿತ್ತು. ಜೈಪುರದ ಪ್ರದರ್ಶನಕ್ಕೆ ನೀವು ಅಚ್ಚು ಹಾಕಿಸಿದ ಆಮಂತ್ರಣ ಅವರ ಕೈಯಲ್ಲಿತ್ತು. ಅದರ ಮೇಲೆ ನನ್ನ ಚಿತ್ರ.

"ಇದು ನಮ್ಮ ಸುಗನಾಳ ಕಾಲಲ್ವೇನೇ?" ಎಂದರು.

ಸುಗನಾ ನನ್ನ ವಾರಗಿತ್ತಿ. ಭಾವನ ಬೆಲ್ಟು ಅವಳ ಬೆನ್ನಿಗೆ ಬೀಳುವುದನ್ನೇ ನಾನು ಬರೆದದ್ದು. ಕಂಡದ್ದನ್ನಲ್ಲ, ಒಳಗೆ ಉರಿಯುವುದನ್ನು ಬರೆ ಎಂದು ನೀವು ಕಲಿಸಿದಂತೆ ಮುಖಕ್ಕೆ ಹಸಿರು ಬಳಿದೆ, ಬಾಯಿ ಸೊಟ್ಟ ಮಾಡಿದೆ. ಗುರುತು ಸಿಗುವುದಿಲ್ಲವೆಂದು ನಂಬಿದ್ದೆ. ಮುಸುಕಿನೊಳಗಿನ ಮುಖವನ್ನು ಇಲ್ಲಿ ಯಾರು ನೋಡಿದ್ದಾರೆ? ಊರಿಗೆ ಊರೇ ಹೆಂಗಸರನ್ನು ಗುರುತಿಸುವುದು ಕಾಲಿನಿಂದ. ಪಕ್ಕದ ಬೆರಳಿನ ಮೇಲೇರಿದ ಅವಳ ಕಿರುಬೆರಳನ್ನು ನಾನು ಇದ್ದಂತೆಯೇ ಬರೆದುಬಿಟ್ಟಿದ್ದೆ.

"ಕಾಲೇಜು ಓದಿದವಳೇ, ಮುಖಕ್ಕೆ ಅಷ್ಟು ಹಸಿರು ಸುರಿದ್ಯಲ್ಲ, ಕಾಲಿಗೆ ಒಂದು ತೊಟ್ಟು ಉಳಿದಿರ್ಲಿಲ್ವಾ?" ಎಂದು ಸುಗನಾ ನಕ್ಕಳು.

ಅತ್ತೆ ಆಮಂತ್ರಣವನ್ನು ಒಲೆಗೆ ಹಾಕಿ, "ಅವನು ನೋಡಿದ್ರೆ ಇವಳನ್ನ ಉಳಿಸಲ್ಲ" ಎಂದರು. ಮಗನ ಬಗ್ಗೆ ಅವರು ಹಾಗೆ ಹೇಳಿದ್ದು ಇದೇ ಮೊದಲು.

ಚಿತ್ರ ನಾಳಿನ ಪತ್ರಿಕೆಯಲ್ಲಿ ಬರುತ್ತದೆ ಎಂದಿದ್ದಿರಿ. ಭಾವನ ಲಾರಿ ಬೆಳಿಗ್ಗೆ ಆರಕ್ಕೆ ಬರುತ್ತದೆ, ಚಹಾ ಅಂಗಡಿಗೆ ಪತ್ರಿಕೆಯೂ ಆಗಲೇ. ದಯವಿಟ್ಟು ಅದನ್ನು ತಡೆಯಿರಿ. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ನನ್ನವರ ಕೈಯಲ್ಲಿ ನಾಲ್ಕರ ಬಸ್ಸಿಗೆ ಪತ್ರ ಕಳಿಸುತ್ತಿದ್ದೇನೆ.

ಸುಗನಾಳ ತವರಿನ ಕಡೆಗೆ ಮೊದಲ ಬಸ್ಸು ನಾಳೆ ಬೆಳಗಿನ ಐದಕ್ಕೆ. ಬಟ್ಟೆಯ ಗಂಟು ಕಟ್ಟುತ್ತ, ಬಿಚ್ಚುತ್ತ ಕೂತಿದ್ದಾಳೆ. ತಡೆದೆ ಎಂದೋ, ಆಗಲಿಲ್ಲ ಎಂದೋ, ಬೆಳಗಾಗುವ ಮೊದಲು ಒಂದು ಫೋನು ಮಾಡಿ ಮೇಡಂ.

ನಿಮ್ಮ ವಿದ್ಯಾರ್ಥಿನಿ,
ವಿಮಲೇಶ್