ಪ್ರಾಗ್‌ನಿಂದ ಬಂದ ಎರಡನೇ ಕಾರ್ಡು

ತುಮಕೂರು ಬಸ್‌ಸ್ಟ್ಯಾಂಡ್, ಜುಲೈ ೧೯೮೩

ಕಪ್ಪೆಯ ಮಿದುಳಿನ ಮಹಾಪಂಡಿತೆ, ಸದ್ಯ ಕುಣಿಗಲ್ ಹೈಸ್ಕೂಲಿನ ಮೇಡಂ ಆಗಿರುವ ಕೌಸಲ್ಯಕ್ಕನ ಸನ್ನಿಧಿಗೆ ತಮ್ಮ ಯೋಗನರಸಿಂಹನ ಅರಿಕೆ.

ನಿನ್ನೆ ಗುಬ್ಬಿಯ ಮನೆಗೆ ನಿನ್ನ ಹೆಸರಿಗೊಂದು ಕಾರ್ಡು ಬಂತು. ಪ್ರಾಗ್‌ನ ಡಾಕ್ಟರ್ ನೊವಾಕ್ ಬರೆದಿದ್ದಾರೆ: "ನಿಮ್ಮ ಪ್ರಬಂಧದ ಪ್ರತಿಯನ್ನು ನಾಲ್ಕು ವರ್ಷದ ಹಿಂದೆಯೂ ಕೇಳಿದ್ದೆ. ಉತ್ತರ ಬರಲಿಲ್ಲ; ಲೈಬ್ರರಿಯಲ್ಲಿ ಹುಡುಕಿ ಓದಿ, ನನ್ನ ಮೂರು ಪ್ರಬಂಧಗಳಲ್ಲಿ ಅದನ್ನು ಉಲ್ಲೇಖಿಸಿದ್ದೇನೆ. ಈಗ ಯಾವ ಸಂಶೋಧನೆ ನಡೆಸಿದ್ದೀರಿ?"

ಅವರ ಆ ಮೊದಲ ಕಾರ್ಡು ನೆನಪಿದೆಯಾ? ಅದಕ್ಕೂ ಮುಂಚೆ ಸೈಬೀರಿಯದ ಪ್ರೊಫೆಸರೊಬ್ಬರ ಹೆಸರಲ್ಲಿ ನಾನೇ ನಿನ್ನ ಪ್ರಬಂಧದ ಪ್ರತಿ ಕೇಳಿ ಕಾರ್ಡು ಬರೆದು, ಆಲೂಗಡ್ಡೆ ಕೆತ್ತಿ ಮೊಹರು ಒತ್ತಿದ್ದೆ. ನೀನು ಹಿಗ್ಗಿ ಪ್ರತಿ ಕಳಿಸಿದೆ. ಅಂಥ ವಿಳಾಸವೇ ಇಲ್ಲವೆಂದು ಅದು ವಾಪಸು ಬಂದ ದಿನ ಮೊಹರನ್ನು ಮೂಸಿ ನೋಡಿ ನನ್ನ ಕಿವಿ ಹಿಂಡಿದೆ.

ಮರುವಾರವೇ ಪ್ರಾಗ್‌ನದು ಬಂತು.

"ಸಾಕು ಕಣೋ ನಿನ್ನ ಕಪಿಚೇಷ್ಟೆ! ನನ್ನ ಪೇಪರ್ ಓದೋರು ಯಾರೂ ಇಲ್ಲ ಅಂತ ಗೊತ್ತಾಯ್ತು, ಬಿಡು," ಅಂದು ಒಲೆಗೆ ಹಾಕಿದೆ.

"ಇದು ನಂದಲ್ಲ ಕಣೇ ಅಕ್ಕ," ಅಂದೆ ನಾನು. ಹೇಳಿದ ಮಾತು ನಿಜವೇ. ಆದರೆ ನಗುತ್ತಾ ಅಂದೆ.

ಮುಂದಿನ ತಿಂಗಳು ನೀನು ಸಂಶೋಧನೆ ಬಿಟ್ಟೆ.

ಬೆಳಗಿನಿಂದ ಇಲ್ಲಿ ಶತಪಥ ಹಾಕುತ್ತಿದ್ದೇನೆ. ಕುಣಿಗಲ್ ಬಸ್ಸು ಮೂರು ಹೋದವು. ಈ ಪತ್ರವನ್ನು ಹರಿದು ಎಸೆದು ನಾಲ್ಕನೆಯದನ್ನು ಹತ್ತುತ್ತೇನೆ. ಕಾರ್ಡನ್ನು ನಿನ್ನ ಕೈಗೇ ಕೊಡಬೇಕು. ಕೊಟ್ಟರೆ ನೀನು ಓದುವುದಿಲ್ಲ, ಮೊದಲು ಮೊಹರನ್ನು ಮೂಸಿ ನೋಡುತ್ತೀಯ.