ಅಳಿಸದ ಹನ್ನೊಂದು ಲೆಕ್ಕಗಳು

ಫೆಬ್ರವರಿ 12, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಗಳೂ ಕೈಸೇರಿ ಹದಿನೈದು ದಿನ ಮೀರಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ, ಕೂತಾಗಲೆಲ್ಲ ಕೈ ಓಡಲಿಲ್ಲ. ಕಣ್ಣಿನ ಆಪರೇಷನ್ ಆದಮೇಲೆ ಓದಲು ತೊಂದರೆಯಿಲ್ಲ ತಾನೆ? ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ಭಾವನ ಮಂಡಿನೋವು ಹೇಗಿದೆ? ವಾಕಿಂಗ್ ಅಂತ ಹೇಳಿ ಈಗಲೂ ಗೇಟು ಮುಟ್ಟಿ ವಾಪಸ್ ಬರುತ್ತಾರೋ?

ನಮ್ಮ ಶಾಲೆಯ ಗಣಿತದ ಹೋಮ್‌ವರ್ಕ್ ಆನ್‌ಲೈನ್ ಆಗಿರುವುದು ನಿನಗೆ ಗೊತ್ತು. ಕಳೆದ ತಿಂಗಳು ಅದನ್ನು ಹೊಸದು ಮಾಡಿದರು. ಮೊದಲು ಉತ್ತರ ಸರಿಯೋ ತಪ್ಪೋ ಅಷ್ಟೇ ಹೇಳುತ್ತಿತ್ತು. ಈಗ ಮಕ್ಕಳು ಫೋನಿನ ಮೇಲೆ ಬೆರಳಲ್ಲಿ ಬರೆದ ಒಂದೊಂದು ಹಂತವನ್ನೂ ಓದುತ್ತದೆ, ಎಲ್ಲಿ ಎಡವಿದರು ಎಂದು ತೋರಿಸುತ್ತದೆ, ಸಿಕ್ಕಿಕೊಂಡರೆ ಸುಳಿವು ಕೊಡುತ್ತದೆ. ಯಾವ ಲೆಕ್ಕಕ್ಕೆ ಎಷ್ಟು ನಿಮಿಷ, ಎಷ್ಟು ಸಲ ಅಳಿಸಿದರು, ಎಲ್ಲ ದಾಖಲೆ. ಕೆಲಸ ಆ ಮಗುವಿನದಲ್ಲ ಅನ್ನಿಸಿದರೆ ಹೆಸರಿನ ಪಕ್ಕ ಕಿತ್ತಳೆ ಚುಕ್ಕೆ ಹಾಕುತ್ತದೆ. ಮನೆಯವರಿಗೆ ಮೆಸೇಜ್ ಕೂಡ ಹೋಗುತ್ತದೆ. ಇದನ್ನು ನಮಗೆ ಕಲಿಸಲು ಕಂಪನಿಯಿಂದ ಬಂದಿದ್ದ ಹುಡುಗಿ, "ಮೇಡಂ, ಇನ್ಮೇಲೆ ಕೆಂಪು ಪೆನ್ನಿಗೆ ರಜೆ ಕೊಟ್ಬಿಡಿ" ಅಂದಳು. ಹೆಡ್‌ಮಾಸ್ಟರು, "ಪೆನ್ನಿಗೆ ಕೊಡಿ, ನಮ್ಮ ಮೇಡಂಗೆ ಮಾತ್ರ ಆಸೆ ಹುಟ್ಟಿಸ್ಬೇಡಿ" ಅಂದರು. ನಿಜ ಹೇಳಬೇಕೆಂದರೆ ನನಗೂ ಖುಷಿಯೇ ಆಗಿತ್ತು. ನೂರಿಪ್ಪತ್ತು ನೋಟ್‌ಬುಕ್ಕು ಹೊತ್ತು ಹೊತ್ತು ಬಂದಿದ್ದ ಭುಜದ ನೋವು ಎರಡೇ ವಾರದಲ್ಲಿ ಇಳಿಯಿತು.

ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗಿಯಿದ್ದಾಳೆ. ದನಿ ಎಷ್ಟು ಸಣ್ಣದೆಂದರೆ ಎಲ್ಲರೂ ಗುಬ್ಬಿ ಅಂತಲೇ ಕರೆಯುತ್ತಾರೆ. ಅಪ್ಪ ಬಸ್ ಡ್ರೈವರ್, ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಾರೆ. ಬೀಜಗಣಿತ ಅಂದರೆ ಅವಳ ಕೈಕಾಲು ತಣ್ಣಗಾಗುತ್ತಿತ್ತು. ಹೋದ ವಾರ ಸೋಮವಾರ ನೋಡಿದರೆ ಅದೇ ಗುಬ್ಬಿ ಹನ್ನೊಂದು ಸಮೀಕರಣಗಳನ್ನು ಹನ್ನೆರಡು ನಿಮಿಷದಲ್ಲಿ ಬಿಡಿಸಿದ್ದಳು. ಎಲ್ಲವೂ ಸರಿ. ಒಂದು ಸಲವೂ ಅಳಿಸಿರಲಿಲ್ಲ. ಕಿತ್ತಳೆ ಚುಕ್ಕೆ ಬಿತ್ತು. ಆವತ್ತೇ ಅವಳ ಅಪ್ಪನ ಫೋನಿಗೆ ಮೆಸೇಜ್ ಹೋಯಿತು: ‘ನಿಮ್ಮ ಮಗಳು ಹೋಮ್‌ವರ್ಕ್ ನಕಲು ಮಾಡಿರುವ ಸಾಧ್ಯತೆಯಿದೆ.’

ಮಾರನೆ ದಿನ ಗುಬ್ಬಿ ಬರಲಿಲ್ಲ. ಅದರ ಮಾರನೆ ದಿನವೂ ಇಲ್ಲ. ಶುಕ್ರವಾರ ಹಾಜರಿ ಕರೆಯುವಾಗಲೂ ಅವಳ ಜಾಗ ಖಾಲಿಯಿತ್ತು. ಪಕ್ಕದವಳನ್ನು ಕೇಳಿದೆ. "ಅವ್ಳ ಅಪ್ಪ ತುಂಬಾ ಬೈದ್ರಂತೆ ಮೇಡಂ. ಅವ್ಳು ಯಾರ ಹತ್ರಾನೂ ಮಾತಾಡ್ತಿಲ್ವಂತೆ" ಅಂದಳು. ಆಮೇಲಿನ ಎರಡು ಪೀರಿಯಡ್ ಏನು ಪಾಠ ಮಾಡಿದೆನೋ ನನಗೇ ಗೊತ್ತಿಲ್ಲ. ಶಾಲೆ ಬಿಟ್ಟ ಕೂಡಲೇ ಅವಳ ಮನೆ ಹುಡುಕಿಕೊಂಡು ಹೋದೆ.

ಮೂರನೇ ಮಹಡಿ. ಮೆಟ್ಟಿಲು ಹತ್ತುವಷ್ಟರಲ್ಲಿ ಬರಬಾರದ ಯೋಚನೆಗಳೆಲ್ಲ ಬಂದುಹೋದವು. ಬಾಗಿಲು ತೆರೆದದ್ದು ಅಪ್ಪ, ಯೂನಿಫಾರಂ ಇನ್ನೂ ಮೈಮೇಲಿತ್ತು. ಗುಬ್ಬಿ ಗೋಡೆ ಕಡೆ ತಿರುಗಿ ಕೂತಿದ್ದಳು, ನನ್ನ ದನಿ ಕೇಳಿಯೂ ತಿರುಗಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳ ಅಮ್ಮ ಹಾಸಿಗೆಯ ಅಡಿಯಿಂದ ಒಂದು ಕಟ್ಟು ಕಾಗದ ತಂದು ನನ್ನ ತೊಡೆಯ ಮೇಲಿಟ್ಟರು. ಬಸ್ ಡಿಪೋದಲ್ಲಿ ಬಳಸಿ ಬಿಸಾಡಿದ ಹಾಳೆಗಳು. ಹಿಂಬದಿಯಲ್ಲೆಲ್ಲ ಪೆನ್ಸಿಲ್ಲಿನ ಲೆಕ್ಕ.

"ಇರೋದು ಒಂದೇ ಫೋನು ಮೇಡಂ, ಅದು ಇವ್ರ ಜೊತೆ ಡ್ಯೂಟಿಗೆ ಹೋಗುತ್ತೆ. ಸಂಜೆ ಟೀ ಕುಡಿಯೋಕೆ ಬಂದಾಗ ಇವಳಿಗೆ ಸಿಗೋದು ಕಾಲು ಗಂಟೆ. ಅದಕ್ಕೇ ಮೊದ್ಲೇ ಇದ್ರಲ್ಲಿ ಮಾಡಿಟ್ಕೊಂಡು, ಆಮೇಲೆ ಫೋನಲ್ಲಿ ಬರೀತಾಳೆ. ಇವ್ರಿಗೆ ತೋರಿಸಿದ್ರೆ, ಯಾರದೋ ನೋಡ್ಕೊಂಡು ಬರೆದಿರ್ತಾಳೆ ಅಂದ್ರು."

ಒಂದೊಂದೇ ಹಾಳೆ ತಿರುವಿದೆ. ಏಳನೇ ಲೆಕ್ಕವನ್ನು ಐದು ಸಲ ಮಾಡಿದ್ದಳು. ನಾಲ್ಕು ಸಲ ಚಿಹ್ನೆ ಬದಲಿಸಲು ಮರೆತಿದ್ದಳು. ಉಜ್ಜಿ ಉಜ್ಜಿ ಒಂದು ಕಡೆ ಹಾಳೆಯೇ ತೂತಾಗಿತ್ತು. ಅವಳು ಅಳಿಸಿದ್ದೆಲ್ಲ ಇಲ್ಲಿತ್ತು ಅಕ್ಕಾ.

"ಇದೆಲ್ಲ ಇವಳೇ ಮಾಡಿದ್ದು" ಅಂದೆ.

ಅಪ್ಪ ತೂತಾದ ಹಾಳೆಯನ್ನು ಕೈಗೆತ್ತಿಕೊಂಡು ನೋಡಿದರು. "ನಂಗೆ ಲೆಕ್ಕ ತಲೆಗೆ ಹತ್ತಲ್ಲ ಮೇಡಂ. ಸ್ಕೂಲಿಂದ ಬಂದಿದೆ ಅಂದ್ರೆ ನಿಜಾನೇ ಇರುತ್ತೆ ಅಂದ್ಕೊಂಡೆ. ಮಗೂನ ಕಳ್ಳಿ ಅಂದ್ಬಿಟ್ಟೆ."

"ಮೆಷಿನ್ನು ತಪ್ಪು ಮಾಡಿದೆ" ಅಂದೆ. "ಅದು ತಾನಾಗೇ ಕಳಿಸಿಬಿಡುತ್ತೆ, ನಮ್ಮ ಕೈಲಿಲ್ಲ."

ಅವರು ನಂಬಿದರು. ಹೆಡ್‌ಮಾಸ್ಟರೂ ಅದನ್ನೇ ಬರೆದು ಕ್ಷಮೆ ಕೇಳಿ ಪತ್ರ ಕಳಿಸಿದರು. ಸೋಮವಾರ ಗುಬ್ಬಿ ಶಾಲೆಗೆ ಬಂದಳು. ಸದ್ಯ ಮುಗಿಯಿತಲ್ಲ ಅಂದುಕೊಂಡೆ.

ನಿನ್ನೆ ಅವಳ ಹೋಮ್‌ವರ್ಕ್ ತೆರೆದೆ. ಎಂಟು ಲೆಕ್ಕ, ಹತ್ತೊಂಬತ್ತು ಸಲ ಅಳಿಸಿದ್ದಾಳೆ. ಎರಡಕ್ಕೆ ಮೂರು ಕೂಡಿಸಿದರೆ ಆರು ಅಂತ ಬರೆದು, ಅಳಿಸಿ, ಐದು ಮಾಡಿದ್ದಾಳೆ. ಹೆಸರಿನ ಪಕ್ಕ ಹಸಿರು ಚುಕ್ಕೆ, ಕೆಲಸ ಅವಳದೇ ಅಂತ. ವರಾಂಡದಲ್ಲಿ ನಿಲ್ಲಿಸಿ, ಯಾಕಮ್ಮ ಹೀಗೆ ಎಂದು ಕೇಳಿದೆ.

"ಒಂದೇ ಸಲಕ್ಕೆ ಸರಿ ಬರೆದ್ರೆ ನಂಬಲ್ಲ ಅಲ್ವಾ ಮೇಡಂ. ಅದಕ್ಕೇ ಮೊದ್ಲು ತಪ್ಪು ಬರೀತೀನಿ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಯಮ ಹೇಳುವ ಹಾಗೆ ಹೇಳಿದಳು. ಅವಳಿಗೆ ನಾನು ಇನ್ನೇನೇನು ಕಲಿಸಿಬಿಟ್ಟಿದ್ದೇನೋ ಎಂದು ಹೆದರಿಕೆಯಾಗುತ್ತಿದೆ. ನೀನು ಮೂವತ್ತು ವರ್ಷ ಪಾಠ ಮಾಡಿದವಳು, ನಿನಗೆ ಹೀಗೆ ಯಾವತ್ತಾದರೂ ಆಗಿತ್ತಾ?

ಕಣ್ಣಿಗೆ ಹನಿ ಹಾಕಿಕೊಳ್ಳುವುದು ತಪ್ಪಿಸಬೇಡ. ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ಈ ಸಲ ಸ್ವಲ್ಪ ಹೆಚ್ಚಾಗಿಯೇ ಬೇಕು.

ನಿನ್ನ
ತಂಗಿ

ಮರೆತಿದ್ದೆ: ಮರೆತಿದ್ದೆ ಅನ್ನುವುದೂ ಸುಳ್ಳು ಅಕ್ಕಾ. ಆ ಮೆಸೇಜು ತಾನಾಗೇ ಹೋಗುವುದಿಲ್ಲ. ಕಳಿಸಲೇ ಎಂದು ಟೀಚರನ್ನು ಕೇಳುತ್ತದೆ. ಆ ಸೋಮವಾರ ಪಟ್ಟಿಯಲ್ಲಿ ಏಳು ಹೆಸರಿದ್ದವು. ಬಸ್ಸಿಗೆ ಹೊತ್ತಾಗಿತ್ತು, ‘ಎಲ್ಲ ಕಳಿಸು’ ಒತ್ತಿದೆ. ಅವಸರ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಗುಬ್ಬಿಯ ಹೆಸರು ನನ್ನ ಕಣ್ಣಿಗೆ ಬಿದ್ದಿತ್ತು. ‘ಇವಳಿಗೆಲ್ಲಿಂದ ಬರಬೇಕು ಇದು’ ಅಂದುಕೊಂಡೇ ಒತ್ತಿದೆ. ನಾಳೆ ಅವಳಿಗೂ ಅವಳಪ್ಪನಿಗೂ ಹೇಳುತ್ತೇನೆ. ಹೇಳದೆ ವಾಪಸ್ ಬಂದುಬಿಡುತ್ತೇನೇನೋ ಎಂಬ ಭಯಕ್ಕೆ ಮೊದಲು ನಿನಗೆ ಬರೆದಿದ್ದೇನೆ.